ರೋಗಿಯ ಗುಟ್ಟಿಗೆ ಎರಡು ಬೀಗದ ಕೈ

ರೋಗಿಯ ಗುಟ್ಟನ್ನು ಕಾಪಾಡಬೇಕೆಂಬುದು ವೈದ್ಯವೃತ್ತಿಯಷ್ಟೇ ಹಳೆಯದಾದ ಕಟ್ಟುಪಾಡು. ಗ್ರೀಸಿನ ಹಿಪೊಕ್ರೆಟಿಸನ ಹೆಸರಿನಲ್ಲಿ ಉಳಿದು ಬಂದಿರುವ ಪ್ರಮಾಣವಚನದಲ್ಲಿಯೂ ಚಿಕಿತ್ಸೆಯ ಸಂದರ್ಭದಲ್ಲಿ ಕಂಡು ಕೇಳಿದ ಗುಟ್ಟನ್ನು ಹೊರಗೆ ಆಡಬಾರದೆಂಬ ನಿಯಮವಿದೆ. ಕುಟುಂಬ ವೈದ್ಯರ ಮಟ್ಟಿಗಂತೂ ಈ ಕಟ್ಟುಪಾಡು ಇನ್ನೂ ಬಿಗಿಯಾದುದು. ಅಜ್ಜಿಯ ಸಕ್ಕರೆ ಕಾಯಿಲೆ, ತಂದೆಯ ಕುಡಿತ, ಸೊಸೆ ನುಂಗುತ್ತಿರುವ ಮನೋವ್ಯಾಧಿಯ ಗುಳಿಗೆ, ಹೀಗೆ ಒಂದು ಮನೆಯ ಮೂರು ತಲೆಮಾರುಗಳ ಸಂಗತಿ ಅವರಿಗೆ ಗೊತ್ತಿರುತ್ತದೆ. ಆ ಮನೆಯವರಿಗೇ ಪರಸ್ಪರ ತಿಳಿಯದ ಸಂಗತಿಗಳೂ ಅದರಲ್ಲಿ ಸೇರಿರುತ್ತವೆ.

ಹಿಂದೆ ಇವೆಲ್ಲವೂ ವೈದ್ಯರ ನೆನಪಿನಲ್ಲಿ, ಇಲ್ಲವೆ ದವಾಖಾನೆಯ ಕಪಾಟಿನಲ್ಲಿ ಇರುತ್ತಿದ್ದವು. ಕಪಾಟಿಗೊಂದು ಬೀಗ, ಬೀಗದ ಕೈ ವೈದ್ಯರ ಬಳಿ ಇಲ್ಲವೆ ನಂಬಿಕೆಯ ಕಂಪೌಂಡರರ ಬಳಿ. ಕಡತವನ್ನು ಕದಿಯಬೇಕೆಂದವನು ಆ ಬಾಗಿಲಿಗೇ ಬರಬೇಕಾಗಿತ್ತು. ಇಂದು ಕಡತವು ಎಲ್ಲಿಯೋ ದೂರದ ಗಣಕಯಂತ್ರದೊಳಗಿದೆ. ವೈದ್ಯರು ಅದನ್ನು ದವಾಖಾನೆಯಿಂದ ನೋಡುತ್ತಾರೆ, ರಾತ್ರಿ ಮನೆಯಿಂದ ನೋಡುತ್ತಾರೆ, ರೋಗಿಯ ಹಾಸಿಗೆಯ ಪಕ್ಕದಲ್ಲಿ ಕುಳಿತೂ ನೋಡುತ್ತಾರೆ. ಕಂಪೌಂಡರರು ಮುಖ ನೋಡಿ ಗುರುತು ಹಿಡಿಯುತ್ತಿದ್ದರು. ಯಂತ್ರಕ್ಕೆ ಆ ಶಕ್ತಿ ಸಹಜವಾಗಿಲ್ಲ. ಹಾಗಾದರೆ, ದೂರದಿಂದ ಬಾಗಿಲು ತಟ್ಟುತ್ತಿರುವವರು ವೈದ್ಯರೇ ಎಂದು ಯಂತ್ರವು ಅರಿಯುವುದು ಹೇಗೆ? ರೋಗಿಯ ಗುಟ್ಟು ಈಗ ಬಹುಮಟ್ಟಿಗೆ ಈ ಪ್ರಶ್ನೆಯ ಉತ್ತರವನ್ನೇ ಆಶ್ರಯಿಸಿದೆ. ಇದರಲ್ಲಿ ಹೆಚ್ಚು ಅನುಭವವನ್ನೂ ಪೆಟ್ಟನ್ನೂ ಕಂಡಿರುವ ದೇಶಗಳಲ್ಲಿ ಇಂಗ್ಲೆಂಡ್ ಒಂದು. ಕರ್ನಾಟಕದ ಕಾಲೇಜುಗಳಲ್ಲಿ ಓದಿದ ಅನೇಕ ವೈದ್ಯರು ಅಲ್ಲಿ ಸೇವೆಯಲ್ಲಿರುವುದರಿಂದಲೂ ಆ ಅನುಭವ ಗಮನಾರ್ಹವಾಗಿದೆ.

ಲಕೋಟೆಯಿಂದ ಜಾಲದವರೆಗೆ

ಇಂಗ್ಲೆಂಡಿನಲ್ಲಿ 1911ರ ರಾಷ್ಟ್ರೀಯ ವಿಮಾ ಕಾನೂನಿನ ತರುವಾಯ ಕುಟುಂಬ ವೈದ್ಯರು ರೋಗಿಗಳ ವಿವರವನ್ನು ಸಣ್ಣ ಲಕೋಟೆಗಳಲ್ಲಿ ಇಡತೊಡಗಿದರು. ಆಗಿನ ಅರ್ಥಮಂತ್ರಿ ಲಾಯ್ಡ್ ಜಾರ್ಜ್ ಅವರ ಹೆಸರು ಆ ಲಕೋಟೆಗೆ ಅಂಟಿಕೊಂಡಿತು. 1948ರ ಜುಲೈ 5ರಂದು ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾದ ಮೇಲೂ ಈ ಪದ್ಧತಿ ಮುಂದುವರಿಯಿತು. ರೋಗಿ ಊರು ಬಿಟ್ಟು ಊರಿಗೆ ಹೋದರೆ ಲಕೋಟೆಯೂ ಹೊಸ ವೈದ್ಯರ ಬಳಿಗೆ ಹೋಗುತ್ತಿತ್ತು. 1990ರ ದಶಕದ ಕೊನೆಯ ಹೊತ್ತಿಗೆ ಅಲ್ಲಿನ ಬಹುಪಾಲು ಕುಟುಂಬ ವೈದ್ಯರ ಕೊಠಡಿಗೆ ಗಣಕಯಂತ್ರ ಬಂದಿತ್ತು.

ಈ ಯಂತ್ರಗಳನ್ನು ಒಂದೇ ಜಾಲಕ್ಕೆ ಸೇರಿಸಲು ಸರ್ಕಾರ ಹೊರಟಾಗ ಬ್ರಿಟಿಷ್ ವೈದ್ಯಕೀಯ ಸಂಘ ಆಕ್ಷೇಪವೆತ್ತಿತು. ಒಂದು ದವಾಖಾನೆಯ ಕಪಾಟಿಗೆ ಐದಾರು ಜನ ಕೈ ಹಾಕಬಲ್ಲರು. ದೇಶವ್ಯಾಪಿ ಕಪಾಟಿಗೆ ಎಷ್ಟು ಕೈಗಳು ಎಂಬುದು ಸಂಘದ ಪ್ರಶ್ನೆ. ಸಂಘದ ಕೋರಿಕೆಯಂತೆ ಕೇಂಬ್ರಿಜ್ ವಿಶ್ವವಿದ್ಯಾಲಯದ ರಾಸ್ ಆಂಡರ್ಸನ್ ಅವರು 1996ರಲ್ಲಿ ಒಂಬತ್ತು ತತ್ತ್ವಗಳನ್ನು ರೂಪಿಸಿಕೊಟ್ಟರು. ಪ್ರತಿಯೊಂದು ದಾಖಲೆಗೂ ಅದನ್ನು ನೋಡಬಲ್ಲವರ ಪಟ್ಟಿ ಇರಬೇಕು. ಆ ಪಟ್ಟಿ ರೋಗಿಗೆ ತಿಳಿದಿರಬೇಕು. ಯಾರು, ಯಾವ ದಿನ, ಎಷ್ಟು ಹೊತ್ತಿಗೆ ದಾಖಲೆ ತೆರೆದರು ಎಂಬುದು ಅಲ್ಲಿಯೇ ದಾಖಲಾಗಬೇಕು ಎಂಬುವು ಅವುಗಳಲ್ಲಿ ಮುಖ್ಯವಾದವು. ಬಾಗಿಲಿಗೆ ಬಂದವರ ಗುರುತು ಖಚಿತವಾಗದೆ ಈ ಮೂರರಲ್ಲಿ ಒಂದೂ ನಡೆಯದು ಎಂಬುದು ಸ್ಪಷ್ಟ.

ದೂರದ ಪ್ರವೇಶದ ಪ್ರಯೋಜನವನ್ನು ಅಲ್ಲಗಳೆಯುವಂತಿಲ್ಲ. ಇಂಗ್ಲೆಂಡಿನ ಸಂಕ್ಷಿಪ್ತ ಆರೈಕೆ ದಾಖಲೆಯಲ್ಲಿ ರೋಗಿ ಸೇವಿಸುತ್ತಿರುವ ಔಷಧಗಳು, ಅವನಿಗೆ ಒಗ್ಗದ ಔಷಧಗಳು, ಹಿಂದೆ ಆಗಿದ್ದ ಕೆಟ್ಟ ಪರಿಣಾಮಗಳು ನಮೂದಾಗಿರುತ್ತವೆ. ಮಧ್ಯರಾತ್ರಿ ಪರಿಚಯವಿಲ್ಲದ ವೈದ್ಯರೆದುರು ಪ್ರಜ್ಞೆ ತಪ್ಪಿದ ರೋಗಿ ಮಲಗಿದ್ದಾಗ, ಪೆನಿಸಿಲಿನ್ ಅವನಿಗೆ ಆಗದು ಎಂಬ ಒಂದು ಸಾಲು ಪ್ರಾಣವನ್ನು ಉಳಿಸಬಲ್ಲುದು. 2020ರಲ್ಲಿ ಕೋವಿಡ್ ಹರಡಿದಾಗ ಅನೇಕ ವೈದ್ಯರು ತಮ್ಮ ಮನೆಗಳಿಂದಲೇ ರೋಗಿಗಳ ಯೋಗಕ್ಷೇಮ ವಿಚಾರಿಸಬೇಕಾಯಿತು. ಆದ್ದರಿಂದ ಬಾಗಿಲನ್ನು ಮುಚ್ಚಿಬಿಡುವುದು ಪರಿಹಾರವಲ್ಲ. ಅದು ತಕ್ಕವರಿಗೆ ಮಾತ್ರ ತೆರೆಯುವಂತೆ ನೋಡಿಕೊಳ್ಳಬೇಕು.

ದಾರಿಯ ರಕ್ಷಣೆ

ಇದರಲ್ಲಿ ಎರಡು ಕೆಲಸಗಳಿವೆ: ಒಂದು ದಾರಿಯನ್ನು ಕಾಯುವುದು, ಇನ್ನೊಂದು ಬಾಗಿಲನ್ನು ಕಾಯುವುದು.

ಸಾರ್ವಜನಿಕ ಅಂತರಜಾಲದಲ್ಲಿ ಮಾಹಿತಿಯು ಚಿಕ್ಕ ಚಿಕ್ಕ ಪೊಟ್ಟಣಗಳಾಗಿ ಹಲವು ಯಂತ್ರಗಳನ್ನು ಹಾದು ಸಾಗುತ್ತದೆ. ರಕ್ಷಣೆಯಿಲ್ಲದ ಪೊಟ್ಟಣ ಅಂಚೆ ಕಾರ್ಡಿನಂತೆ. ದಾರಿಯಲ್ಲಿ ಕೈಗೆ ಸಿಕ್ಕವರು ಓದಬಹುದು. ವಿಪಿಎನ್ ಎಂದು ಕರೆಯಲಾಗುವ ವ್ಯವಸ್ಥೆಯು ಪ್ರತಿಯೊಂದು ಪೊಟ್ಟಣವನ್ನೂ ಗೂಢಲಿಪಿಗೆ ತಿರುಗಿಸಿ, ಅರಗಿನ ಮುದ್ರೆ ಒತ್ತಿದ ಲಕೋಟೆಯೊಳಗಿಟ್ಟು ಕಳುಹಿಸುತ್ತದೆ. ಹೊರಗಿನವರಿಗೆ ಲಕೋಟೆ ಎಲ್ಲಿಂದ ಎಲ್ಲಿಗೆ ಹೋಗುತ್ತಿದೆ ಎಂಬುದಷ್ಟೇ ಕಾಣುತ್ತದೆ, ಒಳಗಿನ ಬರಹ ಕಾಣದು. ಈ ಕಾರಣದಿಂದಲೇ ಇದನ್ನು ಸುರಂಗಕ್ಕೆ ಹೋಲಿಸುವ ವಾಡಿಕೆ ಇದೆ.

ಹಿಂದೆ ಎಂದೂ ಭೇಟಿಯಾಗದ ಎರಡು ಯಂತ್ರಗಳು ಎಲ್ಲರಿಗೂ ಕೇಳಿಸುವ ತಂತಿಯ ಮೇಲೆ ಗುಟ್ಟಿನ ಸಂಕೇತವೊಂದನ್ನು ಒಪ್ಪಿಕೊಳ್ಳುವುದು ಹೇಗೆಂಬುದು ಕುತೂಹಲದ ಸಂಗತಿ. ಅಮೆರಿಕದ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್‌ಮನ್ 1976ರಲ್ಲಿ ಇದಕ್ಕೊಂದು ಗಣಿತದ ಉಪಾಯವನ್ನು ಪ್ರಕಟಿಸಿದರು. ಎರಡು ಕಡೆಯವರೂ ತಮ್ಮಲ್ಲಿಯೇ ಒಂದೊಂದು ಗುಪ್ತ ಸಂಖ್ಯೆಯನ್ನಿಟ್ಟುಕೊಂಡು, ಅದರಿಂದ ಲೆಕ್ಕ ಹಾಕಿ ಬಂದ ಫಲವನ್ನು ಮಾತ್ರ ಎದುರಿನವರಿಗೆ ಕಳುಹಿಸುತ್ತಾರೆ. ತಮ್ಮ ಗುಪ್ತ ಸಂಖ್ಯೆಯನ್ನು ಎದುರಿನವರ ಫಲದೊಡನೆ ಬೆರೆಸಿದಾಗ ಇಬ್ಬರಿಗೂ ಒಂದೇ ಉತ್ತರ ದೊರೆಯುತ್ತದೆ. ಕದ್ದು ಕೇಳಿದವನಿಗೆ ಸಿಗುವುದು ಫಲಗಳು ಮಾತ್ರ. ಸಂಖ್ಯೆಗಳು ಸಾಕಷ್ಟು ದೊಡ್ಡವಾಗಿದ್ದರೆ ಅವುಗಳಿಂದ ಹಿಂದಕ್ಕೆ ಹೋಗಿ ಗುಪ್ತ ಸಂಖ್ಯೆಯನ್ನು ಕಂಡುಹಿಡಿಯುವುದು ಇಂದಿನ ಯಂತ್ರಗಳಿಗೆ ಅಸಾಧ್ಯವೆನ್ನುವಷ್ಟು ಕಠಿಣ. ಇದರ ಜೊತೆಗೆ, ಆಚೆ ತುದಿಯಲ್ಲಿರುವುದು ನಿಜವಾದ ಆಸ್ಪತ್ರೆಯ ಯಂತ್ರವೇ ಎಂಬುದಕ್ಕೆ ಪ್ರಮಾಣಪತ್ರವೂ ಬೇಕು. ಇಲ್ಲವಾದರೆ ನಡುವೆ ಕುಳಿತ ಮೋಸಗಾರನೇ ಎರಡು ಕಡೆಯವರೊಡನೆಯೂ ಸಂಕೇತ ಮಾಡಿಕೊಳ್ಳಬಹುದು.

ಆದರೆ ಸುರಂಗಕ್ಕೆ ತನ್ನೊಳಗೆ ನಡೆಯುತ್ತಿರುವವರು ಯಾರೆಂಬುದು ತಿಳಿಯದು. ಕಳ್ಳನೊಬ್ಬನು ವೈದ್ಯರ ಹೆಸರಿನಲ್ಲಿ ಅದರೊಳಗೆ ಹೊಕ್ಕರೆ, ಅದು ಕಳ್ಳನನ್ನೂ ಅಷ್ಟೇ ಜೋಪಾನವಾಗಿ ಒಳಗೆ ಕರೆದೊಯ್ಯುತ್ತದೆ. ಆದ್ದರಿಂದ ಎರಡನೆಯ ಕೆಲಸವು ಮೊದಲನೆಯದಕ್ಕಿಂತ ಕಡಿಮೆಯದಲ್ಲ.

ಬಾಗಿಲಿನ ರಕ್ಷಣೆ

ಬಹುಕಾಲದಿಂದ ಬಳಕೆಯಲ್ಲಿರುವ ಬೀಗವೆಂದರೆ ಗುಪ್ತಪದ, ಅರ್ಥಾತ್ ಪಾಸ್‌ವರ್ಡ್. ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯಲ್ಲಿ 1960ರ ದಶಕದ ಆರಂಭದಲ್ಲಿ ಹಲವರು ಒಂದೇ ಗಣಕಯಂತ್ರವನ್ನು ಹಂಚಿಕೊಳ್ಳಬೇಕಾಗಿ ಬಂದಾಗ ಇದು ಬಳಕೆಗೆ ಬಂತು. 1962ರಲ್ಲಿಯೇ ಅಲ್ಲಿನ ಸಂಶೋಧಕರೊಬ್ಬರು ಹೆಚ್ಚು ಹೊತ್ತು ಯಂತ್ರವನ್ನು ಬಳಸುವ ಆಸೆಯಿಂದ ಎಲ್ಲರ ಗುಪ್ತಪದಗಳ ಪಟ್ಟಿಯನ್ನು ಮುದ್ರಿಸಿಕೊಂಡಿದ್ದರು. ಹುಟ್ಟಿದಷ್ಟೇ ಬೇಗ ಅದರ ದೌರ್ಬಲ್ಯವೂ ಹೊರಬಿದ್ದಿತೆನ್ನಬೇಕು.

ಗುಪ್ತಪದದ ದೋಷವೇನು? ಅದನ್ನು ಕದ್ದರೂ ಮಾಲೀಕನಿಗೆ ತಿಳಿಯುವುದಿಲ್ಲ. ಬೀಗದ ಕೈ ಕಳೆದರೆ ಜೇಬು ಬರಿದಾಗುತ್ತದೆ. ಗುಪ್ತಪದ ಕಳವಾದರೂ ಮಾಲೀಕನ ತಲೆಯಲ್ಲಿ ಅದು ಇದ್ದೇ ಇರುತ್ತದೆ. ಮೇಲಾಗಿ ದಿನವೆಲ್ಲ ರೋಗಿಗಳನ್ನು ನೋಡಿ ದಣಿದ ವೈದ್ಯರು ಒಂದೇ ಪದವನ್ನು ಬ್ಯಾಂಕಿಗೂ ಅಂಚೆಗೂ ದವಾಖಾನೆಗೂ ಬಳಸುವುದು ಅಪರೂಪವಲ್ಲ. ಎಲ್ಲಿಯೋ ಒಂದು ಅಂಗಡಿಯ ಪಟ್ಟಿಯಿಂದ ಕದ್ದ ಪದವು ಹೀಗೆ ರೋಗಿಯ ಕಡತದ ಬಾಗಿಲನ್ನೂ ತೆರೆದುಬಿಡುತ್ತದೆ.

ಈ ಕಾರಣದಿಂದ ಗುರುತಿಗೆ ಮೂರು ಬಗೆಯ ಸಾಕ್ಷ್ಯಗಳನ್ನು ಎಣಿಸುವುದುಂಟು: ವ್ಯಕ್ತಿಗೆ ತಿಳಿದಿರುವುದು, ವ್ಯಕ್ತಿಯ ಬಳಿ ಇರುವುದು, ವ್ಯಕ್ತಿಯ ದೇಹದಲ್ಲಿಯೇ ಇರುವುದು. ಗುಪ್ತಪದ ಮೊದಲನೆಯದು, ಕಾರ್ಡು ಅಥವಾ ದೂರವಾಣಿ ಎರಡನೆಯದು, ಬೆರಳಚ್ಚು ಮೂರನೆಯದು. ಇವುಗಳಲ್ಲಿ ಬೇರೆ ಬೇರೆ ಬಗೆಯ ಎರಡನ್ನಾದರೂ ಕೇಳಬೇಕೆಂಬುದೇ ಎರಡು ಬೀಗದ ಕೈಗಳ ತತ್ತ್ವ. ಎರಡು ಗುಪ್ತಪದಗಳನ್ನು ಕೇಳಿದರೆ ಪ್ರಯೋಜನವಿಲ್ಲ, ಒಂದನ್ನು ಕದಿಯುವ ಉಪಾಯವೇ ಇನ್ನೊಂದನ್ನೂ ಕದಿಯುತ್ತದೆ. ಬ್ಯಾಂಕಿನ ಲಾಕರಿಗೆ ಬ್ಯಾಂಕಿನದೊಂದು, ಗ್ರಾಹಕನದೊಂದು ಎಂದು ಎರಡು ಕೈಗಳಿರುವುದು ಎಲ್ಲರಿಗೂ ಗೊತ್ತು. ಇಲ್ಲಿ ಎರಡೂ ಒಬ್ಬರ ಬಳಿಯೇ ಇರುತ್ತವೆ; ಆದರೆ ಒಂದು ತಲೆಯಲ್ಲಿ, ಇನ್ನೊಂದು ಕೈಯಲ್ಲಿ. ದೂರದೇಶದ ಕಳ್ಳನಿಗೆ ಎರಡನ್ನೂ ಒಟ್ಟಿಗೆ ಕದಿಯುವುದು ಕಷ್ಟ.

ಇಂಗ್ಲೆಂಡಿನ ಆರೋಗ್ಯ ಸೇವೆಯು ಭಾವಚಿತ್ರವಿರುವ, ಸಣ್ಣ ಚಿಪ್ ಅಳವಡಿಸಿದ ಸ್ಮಾರ್ಟ್ ಕಾರ್ಡುಗಳನ್ನು ತನ್ನ ವೈದ್ಯರಿಗೂ ಸಿಬ್ಬಂದಿಗೂ ಕೊಟ್ಟಿತು. ಗುರುತಿನ ಪತ್ರಗಳನ್ನು ಪರೀಕ್ಷಿಸಿದ ಮೇಲೆಯೇ ಕಾರ್ಡು ಕೈಸೇರುತ್ತದೆ. ಕಾರ್ಡನ್ನು ಯಂತ್ರಕ್ಕೆ ತೂರಿಸಿ ಗುಪ್ತಸಂಖ್ಯೆಯನ್ನು ಒತ್ತಿದರೆ ಮಾತ್ರ ಕಡತ ತೆರೆಯುತ್ತದೆ. ಅದರಲ್ಲಿಯೂ ವೈದ್ಯರಿಗೆ ಕಾಣುವುದೆಲ್ಲ ಸ್ವಾಗತಕಾರಿಣಿಗೆ ಕಾಣದು. ಕೆಲಸಕ್ಕೆ ತಕ್ಕಷ್ಟೇ ಅಧಿಕಾರ.

ದೂರವಾಣಿಯಲ್ಲಿ ಅರ್ಧ ನಿಮಿಷಕ್ಕೊಮ್ಮೆ ಬದಲಾಗುವ ಆರು ಅಂಕಿಗಳ ಪದ್ಧತಿ ಇನ್ನೊಂದು. ಇದರ ನಿಯಮಗಳು 2011ರಲ್ಲಿ ಪ್ರಕಟವಾದವು. ದೂರವಾಣಿಗೂ ಆಸ್ಪತ್ರೆಯ ಯಂತ್ರಕ್ಕೂ ಮೊದಲೇ ಒಂದು ಗುಪ್ತ ಸಂಕೇತವನ್ನು ಹಂಚಲಾಗಿರುತ್ತದೆ. 1970ರ ಜನವರಿ 1ರಿಂದ ಎಷ್ಟು ಅರ್ಧ ನಿಮಿಷಗಳು ಕಳೆದಿವೆ ಎಂಬ ಎಣಿಕೆಯನ್ನು ಆ ಸಂಕೇತದೊಡನೆ ಬೆರೆಸಿ ಎರಡು ಯಂತ್ರಗಳೂ ಪ್ರತ್ಯೇಕವಾಗಿ ಲೆಕ್ಕ ಮಾಡುತ್ತವೆ. ಗಡಿಯಾರ ಸರಿಯಿದ್ದರೆ ಉತ್ತರವೂ ಒಂದೇ. ಆರು ಅಂಕಿಗಳಿಂದ 10 ಲಕ್ಷ ಸಂಖ್ಯೆಗಳಾಗುವುದರಿಂದ ಊಹಿಸಿ ಗೆಲ್ಲುವುದು ಕಷ್ಟ. ಕದ್ದ ಸಂಖ್ಯೆಯೂ ಬೇಗನೆ ಹಳಸಿಹೋಗುತ್ತದೆ.

ಒಂದು ಕೈ ಇಲ್ಲದ್ದರ ಫಲ

ಎರಡನೆಯ ಬೀಗದ ಕೈ ಬರಿಯ ಆಡಂಬರವೆಂದು ತಿಳಿಯುವವರು 2022ರ ಆಗಸ್ಟ್ ತಿಂಗಳ ಘಟನೆಯನ್ನು ಗಮನಿಸಬೇಕು. ಬ್ರಿಟನ್ನಿನ ಆರೋಗ್ಯ ಸೇವೆಗೆ ತಂತ್ರಾಂಶ ಒದಗಿಸುವ ಅಡ್ವಾನ್ಸ್ಡ್ ಎಂಬ ಸಂಸ್ಥೆಯ ಯಂತ್ರಗಳಿಗೆ ಸುಲಿಗೆಕೋರರು ನುಗ್ಗಿದರು. ಅವರು ಹೊಕ್ಕಿದ್ದು ಗ್ರಾಹಕರೊಬ್ಬರ ಖಾತೆಯ ಮೂಲಕ. ಆ ಖಾತೆಗೆ ಎರಡನೆಯ ಸಾಕ್ಷ್ಯವನ್ನು ಕೇಳುವ ವ್ಯವಸ್ಥೆ ಇರಲಿಲ್ಲ. ಸಂಸ್ಥೆಯಲ್ಲಿ ಅದು ಹಲವು ಕಡೆ ಇತ್ತು, ಎಲ್ಲ ಕಡೆಯೂ ಇರಲಿಲ್ಲ. ಹತ್ತು ಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲನ್ನು ಮರೆತಂತಾಯಿತು.

ವೈದ್ಯಕೀಯ ಸಲಹೆಗಾಗಿ ಜನ ಕರೆಮಾಡುವ 111 ಸಂಖ್ಯೆಯ ಸೇವೆ ಅಸ್ತವ್ಯಸ್ತವಾಯಿತು. ಸಿಬ್ಬಂದಿ ಕಾಗದ ಲೇಖನಿಗಳಿಗೆ ಮರಳಿದರು. ರೋಗಿಗಳ ದಾಖಲೆ ಕೆಲವರಿಗೆ ಸಿಗದಾಯಿತು. 79,404 ಜನರ ವಿವರಗಳು ಕಳವಾದವು. ಅವರಲ್ಲಿ 890 ಜನ ಮನೆಯಲ್ಲಿಯೇ ಆರೈಕೆ ಪಡೆಯುತ್ತಿದ್ದವರು. ಅವರ ಮನೆಯೊಳಗೆ ಪ್ರವೇಶಿಸುವುದು ಹೇಗೆಂಬ ವಿವರವೂ ಕಳ್ಳರ ಕೈಸೇರಿತು. ಗಣಕಯಂತ್ರದ ಒಂದು ಬೀಗದ ಕೈ ಇಲ್ಲದ ಕಾರಣ, ಹಾಸಿಗೆ ಹಿಡಿದವರ ಮನೆಯ ಬಾಗಿಲಿನ ಗುಟ್ಟೇ ಬಯಲಾಯಿತು. 2025ರ ಮಾರ್ಚ್‌ನಲ್ಲಿ ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿ ಸಂಸ್ಥೆಗೆ 30 ಲಕ್ಷ ಪೌಂಡುಗಳಿಗೂ ಮಿಕ್ಕ ದಂಡ ವಿಧಿಸಿತು. ಈ ನಡುವೆ, 2023ರಲ್ಲಿ, ಇಂಗ್ಲೆಂಡಿನ ಆರೋಗ್ಯ ಸೇವೆಯು ದೂರದಿಂದ ಪ್ರವೇಶಿಸುವ ಎಲ್ಲರಿಗೂ ಒಂದಕ್ಕಿಂತ ಹೆಚ್ಚು ಸಾಕ್ಷ್ಯ ಕಡ್ಡಾಯವೆಂಬ ನೀತಿಯನ್ನು ಪ್ರಕಟಿಸಿತು.

ಅನುಕೂಲವೂ ರಕ್ಷಣೆಯೇ

ಬೀಗ ಎಷ್ಟು ಗಟ್ಟಿಯಾದರೂ ಅದನ್ನು ತೆರೆಯುವುದು ತೀರ ತೊಡಕಾದರೆ ಜನ ಬಾಗಿಲನ್ನು ತೆರೆದೇ ಇಡುತ್ತಾರೆ. 2007ರಲ್ಲಿ ಇಂಗ್ಲೆಂಡಿನ ಒಂದು ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಇದೇ ಆಯಿತು. ಪ್ರತಿಯೊಬ್ಬರೂ ತಮ್ಮ ಕಾರ್ಡಿನಿಂದ ಯಂತ್ರವನ್ನು ತೆರೆಯಲು ಒಂದು ನಿಮಿಷದಷ್ಟು ಕಾಲ ಹಿಡಿಯುತ್ತಿದ್ದುದರಿಂದ, ಒಬ್ಬರ ಕಾರ್ಡನ್ನೇ ಪಾಳಿ ಮುಗಿಯುವವರೆಗೂ ಎಲ್ಲರೂ ಬಳಸಲು ಅವಕಾಶ ಕೊಡಲಾಯಿತು. ನರಳುವ ರೋಗಿಯ ಮುಂದೆ ಒಂದು ನಿಮಿಷವೂ ದೀರ್ಘವೇ ಸರಿ. ಆದರೆ ಆ ಕ್ಷಣದಿಂದ, ಯಾರು ಯಾವ ಕಡತವನ್ನು ನೋಡಿದರೆಂಬ ದಾಖಲೆ ಅರ್ಥಹೀನವಾಯಿತು. ನೆರೆಯವರ ಕಾಯಿಲೆಯನ್ನು ಕುತೂಹಲಕ್ಕೆ ಇಣುಕಿ ನೋಡಿದವರು ತಪ್ಪಿಸಿಕೊಳ್ಳಬಹುದು. ಏನೂ ಅರಿಯದ ಕಾರ್ಡಿನ ಒಡೆಯರು ಸಿಕ್ಕಿಬೀಳಬಹುದು. ಸಿಬ್ಬಂದಿಯನ್ನು ಬೈದು ಪ್ರಯೋಜನವಿಲ್ಲ. ಬೀಗ ಬೇಗ ತೆರೆಯುವಂತೆ ಮಾಡುವುದು ವ್ಯವಸ್ಥೆಯ ಹೊಣೆ.

ಇನ್ನೊಂದು ಅಪಾಯವೂ ಇದೆ. ಆಸ್ಪತ್ರೆಯ ಪುಟವನ್ನೇ ಹೋಲುವ ಸುಳ್ಳು ಪುಟವನ್ನು ಕಟ್ಟಿ, ವೈದ್ಯರಿಂದ ಗುಪ್ತಪದವನ್ನೂ ಆರು ಅಂಕಿಗಳನ್ನೂ ಒಟ್ಟಿಗೆ ಬರೆಸಿಕೊಂಡು, ಅವು ಹಳಸುವ ಮುನ್ನವೇ ನಿಜವಾದ ಬಾಗಿಲಲ್ಲಿ ಬಳಸುವ ಮೋಸಗಾರರಿದ್ದಾರೆ. ಇದಕ್ಕೆ ಪ್ರತಿಯಾಗಿ ಬಂದಿರುವುದು ಫೈಡೊ ಎಂಬ ಹೊಸ ಬಗೆಯ ಕೀಲಿ. ಇದರ ಗುಟ್ಟು ವೈದ್ಯರ ಉಪಕರಣವನ್ನು ಬಿಟ್ಟು ಹೊರಗೆ ಹೋಗುವುದೇ ಇಲ್ಲ. ಆಸ್ಪತ್ರೆಯ ಯಂತ್ರ ಪ್ರತಿ ಸಲವೂ ಹೊಸ ಸವಾಲನ್ನು ಕಳುಹಿಸುತ್ತದೆ. ಉಪಕರಣ ಅದಕ್ಕೆ ಸಹಿಮಾಡಿ ಮರಳಿಸುತ್ತದೆ. ವಿಳಾಸದಲ್ಲಿ ಒಂದಕ್ಷರ ಬೇರೆಯಾದರೂ ಉಪಕರಣ ಉತ್ತರಿಸುವುದಿಲ್ಲ. ದಣಿದ ಕಣ್ಣಿಗೆ ಕಾಣದ ವ್ಯತ್ಯಾಸ ಅದಕ್ಕೆ ಕಾಣುತ್ತದೆ. ಒಂದು ಸ್ಪರ್ಶ ಸಾಕಾಗುವುದರಿಂದ ಇದು ಹಳೆಯ ಪದ್ಧತಿಗಿಂತ ಸುಲಭವೂ ಹೌದು. ಇಂಗ್ಲೆಂಡಿನ ಆರೋಗ್ಯ ಸೇವೆ ಕಾರ್ಡಿನ ಜೊತೆಗೆ ಇಂತಹ ಕೀಲಿಗಳನ್ನೂ ಒಪ್ಪುತ್ತಿದೆ.

ಹಾಗೆಂದು ಬೀಗವೊಂದೇ ಸರ್ವರೋಗನಿವಾರಕವಲ್ಲ. 2017ರ ಮೇ 12ರಂದು ವನ್ನಾಕ್ರೈ ಎಂಬ ದುಷ್ಟ ತಂತ್ರಾಂಶ ಇಂಗ್ಲೆಂಡಿನಲ್ಲಿ 595 ಕುಟುಂಬ ವೈದ್ಯರ ದವಾಖಾನೆಗಳಿಗೆ ತಗುಲಿತು. ಅದಕ್ಕೆ ಯಾರ ಗುಪ್ತಪದವೂ ಬೇಕಾಗಿರಲಿಲ್ಲ. ಸಕಾಲದಲ್ಲಿ ದುರಸ್ತಿ ಕಾಣದ ಯಂತ್ರಗಳ ಬಿರುಕಿನಿಂದಲೇ ಒಳಬಂದಿತ್ತು. ಬೀಗ ಗಟ್ಟಿಯಿರಬೇಕು, ಗೋಡೆಯೂ ಗಟ್ಟಿಯಿರಬೇಕು.

ಭಾರತದಲ್ಲಿ

ಎರಡು ಸಾಕ್ಷ್ಯಗಳ ಪದ್ಧತಿ ಭಾರತೀಯರಿಗೆ ಹೊಸತಲ್ಲ. ಅಂತರಜಾಲದಲ್ಲಿ ಕಾರ್ಡಿನಿಂದ ಹಣ ಪಾವತಿ ಮಾಡುವಾಗ ಹೆಚ್ಚುವರಿ ದೃಢೀಕರಣ ಬೇಕೆಂದು ರಿಸರ್ವ್ ಬ್ಯಾಂಕು 2009ರಲ್ಲಿಯೇ ಕಡ್ಡಾಯಗೊಳಿಸಿತು. ಇಂದು ಓಟಿಪಿ ಎಂಬ ಮಾತು ಮನೆಮಾತಾಗಿದೆ. ನೂರು ರೂಪಾಯಿಯ ಪಾವತಿಗೂ ಎರಡನೆಯ ಸಾಕ್ಷ್ಯ ಕೇಳಬಹುದಾದರೆ ಜೀವಮಾನದ ಗುಟ್ಟಿಗೆ ಕೇಳಬಾರದೇಕೆ? ಕಳೆದ ಹಣವನ್ನು ಮರಳಿ ಗಳಿಸಬಹುದು. ಒಮ್ಮೆ ಬಯಲಾದ ಕಾಯಿಲೆಯನ್ನು ಮತ್ತೆ ಗುಟ್ಟಾಗಿಸಲು ಬಾರದು.

2020ರ ಮಾರ್ಚ್ 25ರಂದು ಪ್ರಕಟವಾದ ದೂರವೈದ್ಯಕೀಯ ಮಾರ್ಗಸೂಚಿಯು ದೂರದ ಸಮಾಲೋಚನೆಯಲ್ಲಿ ವೈದ್ಯರೂ ರೋಗಿಯೂ ಪರಸ್ಪರ ಅನಾಮಧೇಯರಾಗಿರಕೂಡದೆಂದು ಹೇಳಿತು. ವೈದ್ಯರು ತಮ್ಮ ನೋಂದಣಿ ಸಂಖ್ಯೆಯನ್ನು ಔಷಧದ ಚೀಟಿಯಲ್ಲಿ ತೋರಿಸಬೇಕೆಂದೂ ವಿಧಿಸಿತು. 2021ರ ಸೆಪ್ಟೆಂಬರ್ 27ರಂದು ದೇಶವ್ಯಾಪಿಯಾಗಿ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ರೋಗಿಗೆ 14 ಅಂಕಿಗಳ ಆರೋಗ್ಯ ಸಂಖ್ಯೆಯನ್ನು ಕೊಡುತ್ತದೆ; ದಾಖಲೆಯ ಹಂಚಿಕೆಗೆ ಅವನ ಸಮ್ಮತಿ ಬೇಕೆನ್ನುತ್ತದೆ. 2022ರ ನವೆಂಬರ್ 23ರಂದು ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ಯಂತ್ರಗಳು ಸುಲಿಗೆಕೋರರ ದಾಳಿಗೆ ಸಿಕ್ಕಾಗ, ಆಸ್ಪತ್ರೆಯ ಅನೇಕ ಕೆಲಸಗಳನ್ನು ದಿನಗಟ್ಟಲೆ ಕೈಬರಹದಿಂದ ನಡೆಸಬೇಕಾಯಿತು. ಜಾಲವನ್ನು ಸರಿಯಾಗಿ ವಿಭಾಗಿಸದಿದ್ದುದು ಕಾರಣಗಳಲ್ಲೊಂದೆಂದು ಸರ್ಕಾರ ಸಂಸತ್ತಿಗೆ ತಿಳಿಸಿತು. ಮುಂಬಾಗಿಲು ದಾಟಿದವರಿಗೆ ಎಲ್ಲ ಕೋಣೆಗಳೂ ತೆರೆದಿರಬಾರದು ಎಂಬುದೇ ಇದರ ಪಾಠ.

ಪಾಲಿಸಬೇಕಾದ ಕ್ರಮಗಳು

ದೊಡ್ಡ ಆಸ್ಪತ್ರೆಗೆ ತಜ್ಞರ ನೆರವಿರುತ್ತದೆ. ಒಂಟಿಯಾಗಿ ದವಾಖಾನೆ ನಡೆಸುವ ಕುಟುಂಬ ವೈದ್ಯರಿಗೆ ಇರುವುದಿಲ್ಲ. ಆದರೂ ಅವರ ಕೈಯಲ್ಲಿರುವ ಕ್ರಮಗಳು ಕಡಿಮೆಯಲ್ಲ.

1. ರೋಗಿಗಳ ದಾಖಲೆಯಿರುವ ಪ್ರತಿಯೊಂದು ಖಾತೆಗೂ, ವೈದ್ಯರ ವಿದ್ಯುನ್ಮಾನ ಅಂಚೆಗೂ ಎರಡನೆಯ ಸಾಕ್ಷ್ಯವನ್ನು ಅಳವಡಿಸಬೇಕು. ಒಂದನ್ನೂ ಬಿಡಬಾರದು.

2. ಸಿಬ್ಬಂದಿಯಲ್ಲಿ ಪ್ರತಿಯೊಬ್ಬರಿಗೂ ಪ್ರತ್ಯೇಕ ಖಾತೆ ಇರಬೇಕು. ಕೆಲಸ ಬಿಟ್ಟವರ ಖಾತೆಯನ್ನು ಅದೇ ದಿನ ಮುಚ್ಚಬೇಕು.

3. ಆರು ಅಂಕಿಗಳನ್ನು ದೂರವಾಣಿಯಲ್ಲಿ ಕೇಳಿದವರು ಯಾರೇ ಆಗಿರಲಿ, ಹೇಳಕೂಡದು. ತಾವು ಪ್ರವೇಶಿಸಲು ಯತ್ನಿಸದಿರುವಾಗ ಒಪ್ಪಿಗೆ ಕೇಳುವ ಸಂದೇಶ ಬಂದರೆ ನಿರಾಕರಿಸಬೇಕು. ಯಾರೋ ಬಾಗಿಲಲ್ಲಿದ್ದಾರೆಂದು ಅದರ ಅರ್ಥ.

4. ಮನೆಯಲ್ಲಿ ಮಕ್ಕಳು ಆಡುವ ಯಂತ್ರದಲ್ಲಿ ರೋಗಿಯ ಕಡತವನ್ನು ತೆರೆಯಬಾರದು. ಎದ್ದು ಹೋಗುವಾಗ ತೆರೆಗೆ ಬೀಗ ಹಾಕುವುದು ಅಭ್ಯಾಸವಾಗಬೇಕು.

5. ಕಾರ್ಡು ಅಥವಾ ದೂರವಾಣಿ ಕಳೆದರೆ ಯಾರಿಗೆ ತಿಳಿಸಬೇಕೆಂಬುದನ್ನು ಮೊದಲೇ ಗೊತ್ತುಮಾಡಿಕೊಂಡು, ಬದಲಿ ಕೀಲಿಯೊಂದನ್ನು ಭದ್ರವಾಗಿಟ್ಟಿರಬೇಕು. ಹಾಗಿಲ್ಲದಿದ್ದರೆ ತುರ್ತು ಸಮಯದಲ್ಲಿ ವೈದ್ಯರೇ ಹೊರಗೆ ಉಳಿಯುತ್ತಾರೆ.

ರೋಗಿಗಳಿಗೂ ಒಂದು ಪಾತ್ರವಿದೆ. ತಮ್ಮ ದಾಖಲೆ ಎಲ್ಲಿದೆ, ಯಾರು ಯಾರು ನೋಡಬಲ್ಲರು, ನೋಡಿದವರ ಹೆಸರು ದಾಖಲಾಗುತ್ತದೆಯೇ ಎಂದು ವೈದ್ಯರನ್ನು ವಿನಯದಿಂದ ಕೇಳುವುದು ಅವಿಶ್ವಾಸದ ಲಕ್ಷಣವಲ್ಲ. ವೈದ್ಯರು ಒಳಹೋಗುವ ಮುನ್ನ ಇನ್ನೊಂದು ಗಳಿಗೆ ತಡೆದು ಕೀಲಿಯನ್ನು ಮುಟ್ಟಿದರೆ ರೋಗಿ ಬೇಸರಿಸಬೇಕಾಗಿಲ್ಲ. ತನ್ನ ಗುಟ್ಟು ಕಪಾಟಿನಲ್ಲಿದ್ದಾಗ ಇದ್ದಷ್ಟೇ ಭದ್ರವಾಗಿರಲೆಂದು ಕಳೆದ ಗಳಿಗೆ ಅದು.